ಲಟ್ಟಣಿಗೆಯ ಸ್ಕ್ರೂ

ಇದೊಂದು ಮಾತನ್ನು ಬಿಟ್ಟೇ ಬರೆಯಲು ಹೊರಟಿದ್ದೆ: ಆ ಸ್ಕ್ರೂ ಸಡಿಲಿಸಿದವಳು ನಾನು.

ಮಡಗಾಂವ್‌ನಲ್ಲಿ ಅಣ್ಣ ನಡೆಸುವ ಕುಂಗ್‌ಫೂ ಕ್ಲಾಸಿಗೆ ಇಂದು ಮಗಳನ್ನು ಸೇರಿಸಲು ಹೋಗಿದ್ದೆ. ಗೋಡೆಯ ಮೇಲೆ ಅವನು ಗುರುವೆಂದೇ ನಂಬಿದ ಕುಂಗ್‌ಫೂ ನಟನ ಅದೇ ಹಳೆಯ ಚಿತ್ರ.

ನಾವು ಚಿಕ್ಕವರಿದ್ದಾಗ ಅಣ್ಣ ಅವ್ವನ ಎರಡು ಲಟ್ಟಣಿಗೆಗಳನ್ನು ಸೈಕಲ್ ಚೈನು, ಸ್ಕ್ರೂಗಳಿಂದ ಜೋಡಿಸಿ, ಆ ನಟನಂತೆ ಬೀಸಿ, ನನ್ನ ಮೂಗಿನೆದುರೇ ನಿಲ್ಲಿಸುತ್ತಿದ್ದ. "ಅಂಜಬುರುಕಿ, ಕಣ್ಣ ಮುಚ್ಚಬ್ಯಾಡ!" ಎಣ್ಣೆಯ ವಾಸನೆಯ ಗಾಳಿ ಕೆನ್ನೆಗೆ ತಾಗುತ್ತಿತ್ತು. ಬೀಸುವ ಮೊದಲೇ ಕಳಚಿ ಬೀಳಲೆಂದು ಒಂದು ದಿನ ಸ್ಕ್ರೂ ಸಡಿಲಿಸಿದೆ. ಬೀಸಿದ ಮೇಲೆ ಕಳಚಿತು. ಅವನ ಹುಬ್ಬು ಸೀಳಿತು.

"ಚಪಾತಿ ಲಟ್ಟಿಸೋ ಕಟಗೀಲೆ ಕಣ್ಣ ಕಳಕೋತಿದ್ದೆಲ್ಲೋ!" ಎಂದು ಅವ್ವ ಅರಿಶಿನ ಒತ್ತಿದಳು.

ಇಂದು ಅಣ್ಣ ಮಕ್ಕಳಿಗೆ ಆ ಗಾಯದ ಕಲೆ ತೋರಿಸಿದ: "ಬೀಸೂ ಮೊದಲ ಸ್ಕ್ರೂ ನೋಡ್ರಿ. ನಾ ಬಿಗಿ ಮಾಡಿದ್ದಿಲ್ಲ, ತಪ್ಪು ನಂದ." ಮಗಳು ತಲೆಯಾಡಿಸಿದಳು.

ಮೊದಲು ಅವನಿಗೆ ಹೇಳಬೇಕು. ಅದಕ್ಕೇ ಇದನ್ನು ಬ್ಲಾಗಿಗೆ ಹಾಕುವುದು ಇಂದಲ್ಲ, ಭಾನುವಾರ, ಜೂನ್ ೧೪.