ಎರಡು ಫೋನಿನ ದುರ್ಗಯ್ಯ

ಚಿಕ್ಕಗೌರಮ್ಮ ದುರ್ಗಯ್ಯನನ್ನು ಮೊದಲ ಸಲ ಕಂಡ ದಿನ ಅವನನ್ನು ಕಳ್ಳನೆಂದೇ ತಿಳಿದಳು. ಅವಳ ತೋಟದ ತೆಂಗಿನಕಾಯಿ ಕೀಳಲು ಬರುತ್ತಿದ್ದ ಹಳೆಯ ಆಳಿಗೆ ಸೊಂಟ ಹಿಡಿದುಕೊಂಡಿತ್ತು. ಅವನು ಹೇಳಿ ಕಳಿಸಿದ ಹೊಸಬ ಇವನು. ಕಂದಿಕೆರೆಯಿಂದಾಚೆ ಗುಡ್ಡದ ಬುಡದ ತೋಟಕ್ಕೆ ಬಿಸಿಲೇರುವ ಮೊದಲೇ ಬಂದ. ನಲವತ್ತರ ಆಸುಪಾಸು, ಕಡ್ಡಿಯಂಥ ಮೈ, ಎಡಗೆನ್ನೆಯ ಮೇಲೆ ಹುಣಿಸೆ ಬೀಜದಷ್ಟು ದೊಡ್ಡ ಮಚ್ಚೆ. ಬಂದವನು ಮರ ಎಷ್ಟಿವೆ ಎಂದು ಕೇಳಲಿಲ್ಲ, ಕೂಲಿಯ ಮಾತೆತ್ತಲಿಲ್ಲ.

"ಫೋನ್ ಐತಾ ಅಮ್ಮಾರೆ? ಕೊಡಿ ಇಲ್ಲಿ," ಎಂದ.

ಅವಳು ಎಲೆಅಡಿಕೆ ಚೀಲದಿಂದ ಫೋನು ತೆಗೆದದ್ದೇ ತಡ, ಅದನ್ನು ಇಸಕೊಂಡು ಸೊಂಟಕ್ಕೆ ಕಟ್ಟಿದ್ದ ಬಟ್ಟೆಚೀಲದೊಳಗೆ ಹಾಕಿ ಸರಸರ ಮರ ಹತ್ತಿಬಿಟ್ಟ. ನೆಲದ ಮೇಲೆ ಓಡುವ ಕಳ್ಳನನ್ನಾದರೆ ಊರವರನ್ನು ಕೂಗಿ ಹಿಡಿಸಬಹುದು, ಮೇಲಕ್ಕೆ ಓಡುವವನನ್ನು ಏನು ಮಾಡುವುದು? ಇಳಿದರೆ ಇಲ್ಲೇ ತಾನೆ ಇಳಿಯಬೇಕು ಎಂದು ಯೋಚಿಸಿ, ಚಿಕ್ಕಗೌರಮ್ಮ ಕುಡುಗೋಲು ಹಿಡಿದು ಮರದ ಬುಡದಲ್ಲೇ ಕೂತಳು. ಕಾಯಿ ಬೀಳುತ್ತೆ, ದೂರ ಹೋಗಿ ಎಂದು ಅವನು ಮೇಲಿನಿಂದ ಕೂಗಿದ. ಅದೂ ಕಳ್ಳನ ಉಪಾಯವೆಂದು ಬಗೆದು ಅವಳು ಒಂದು ಗೇಣೂ ಜರುಗಲಿಲ್ಲ. ಕೊನೆಗೆ ದುರ್ಗಯ್ಯ ಒಂದು ಕಾಯಿಯನ್ನೂ ಕೀಳದೆ ಕೆಳಗಿಳಿದು ಫೋನನ್ನು ಅವಳ ಕೈಗಿಟ್ಟ. ಮಗಳು ಎರಡು ದಿನದಿಂದ ಕಳಿಸಿದ್ದ ಮೊಮ್ಮಗುವಿನ ಫೋಟೋಗಳೆಲ್ಲ ಅದರಲ್ಲಿ ಬಂದು ಕೂತಿದ್ದವು.

ಆ ಕಡೆಯ ತೋಟಗಳೆಲ್ಲ ಇರುವುದು ತಗ್ಗಿನಲ್ಲಿ, ಚಿಕ್ಕಗೌರಮ್ಮನ ಮನೆಯೂ ಅಲ್ಲೇ. ಕೆಳಗೆ ನಿಂತರೆ ಟವರ್ ಸಿಗದು, ಮರದ ತುದಿಯಲ್ಲಿ ಮಾತ್ರ ಧಾರಾಳ. ಹಾಗಾಗಿ ದುರ್ಗಯ್ಯ ಯಾರ ತೋಟಕ್ಕೆ ಹೋದರೂ ಅವರ ಫೋನನ್ನು ಜೊತೆಗೆ ಮೇಲೆ ಕೊಂಡೊಯ್ದು, ಬಂದದ್ದನ್ನೆಲ್ಲ ತುಂಬಿಸಿಕೊಂಡು ಇಳಿಸಿ ಕೊಡುತ್ತಿದ್ದ. ಅದಕ್ಕೆ ಬೇರೆ ಕೂಲಿ ಕೇಳುತ್ತಿರಲಿಲ್ಲ.

ಪಕ್ಕದ ತೋಟ ಚಿಕ್ಕಗೌರಮ್ಮನ ಮೈದುನನ ಮಗ ಕಲ್ಲೇಶನದು. ಕೊಬ್ಬರಿ ರೇಟು ಏರಿದ ವರ್ಷ ಅವನು ತುಮಕೂರಿಗೆ ಹೋಗಿ ಬೆನ್ನಿಗೆ ಮೂರು ಕ್ಯಾಮೆರಾ ಇರುವ ದುಬಾರಿ ಫೋನು ತಂದಿದ್ದ. ಊರವರು ಅದಕ್ಕೆ ಮುಕ್ಕಣ್ಣ ಎಂದು ಹೆಸರಿಟ್ಟರು. ಚಿಕ್ಕಗೌರಮ್ಮನದು ಮಗಳು ತಿಪಟೂರಿನಲ್ಲಿ ಕೊಡಿಸಿದ ಅಗ್ಗದ ನೀಲಿ ಫೋನು. ದುರ್ಗಯ್ಯನ ಚೀಲದಲ್ಲಿ ಎರಡೂ ಒಂದೇ ಹೊತ್ತಿಗೆ ಮೇಲೇರಿದರೆ ಮೊದಲು ಟಿಣ್ ಎನ್ನುತ್ತಿದ್ದದ್ದು ನೀಲಿ. ಅದನ್ನು ಅವನು ಮರದ ಮೇಲಿನಿಂದ ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಕಲ್ಲೇಶ ಫೋನಿಗೆ ಬೇರೆ ಚೀಲ ಹೊಲಿಸಿಕೊಟ್ಟ, ಬೇರೆ ಮರ ಹತ್ತಿಸಿದ, ನೀಲಿಯೇ ಗೆದ್ದಿತು. ಆದರೆ ಬಿಸಿಲಿಗೆ ಹಿಡಿದರೆ ನೀಲಿಯ ಪರದೆ ರೊಟ್ಟಿಹಂಚಿನಂತೆ ಕಪ್ಪಾಗುತ್ತಿತ್ತು, ಮುಕ್ಕಣ್ಣನದು ಮಾತ್ರ ನಿಚ್ಚಳ. ಅದೇ ಮುಕ್ಕಣ್ಣನಿಗೆ ಸಂಜೆಯೊಳಗೆ ಚಾರ್ಜು ಮುಗಿದುಹೋಗುತ್ತಿತ್ತು, ಕಲ್ಲೇಶ ಕರುವಿನ ಹಗ್ಗದಂತೆ ಚಾರ್ಜರಿನ ವೈರನ್ನು ಕೈಗೆ ಸುತ್ತಿಕೊಂಡೇ ಓಡಾಡುತ್ತಿದ್ದ. ಒಮ್ಮೆ ದುರ್ಗಯ್ಯನ ಚೀಲ ಜಾರಿ ಎರಡೂ ಬಿದ್ದವು. ನೀಲಿ ಕಲ್ಲಿನ ಮೇಲೆ ಬಿದ್ದು ಮೂಲೆ ಮುರಿದುಕೊಂಡಿತಷ್ಟೆ, ಕೆಲಸ ನಿಲ್ಲಿಸಲಿಲ್ಲ. ಮುಕ್ಕಣ್ಣ ಗರಿಯ ರಾಶಿಯ ಮೇಲೆ ಬಿದ್ದು ಏನೂ ಆಗದೆ ಉಳಿದರೂ ಕಲ್ಲೇಶ ಅವತ್ತು ಊಟ ಮಾಡಲಿಲ್ಲ.

ದುರ್ಗಯ್ಯನಿಗೆ ಮಾತ್ರ ಸ್ವಂತದ್ದೆಂದು ಇದ್ದದ್ದು ಬಟನ್ ಫೋನು. ಅದರ ಚಿಂತೆ ಅವನಿಗಿರಲಿಲ್ಲ. ಇದ್ದದ್ದು ಮದುವೆಯ ಚಿಂತೆ. ಸ್ವಂತ ತೋಟ ಇರುವವರಿಗೇ ಹೆಣ್ಣು ಸಿಗದ ಕಾಲ. ಬೇರೆಯವರ ಮರ ಹತ್ತುವವನಿಗೆ ಯಾರು ಕೊಡುತ್ತಾರೆ? ನೋಡಿಬಂದ ಕಡೆಯೆಲ್ಲ ಕಾಫಿ ಕುಡಿಸಿ ಕಳಿಸಿದ್ದರು. ಆಮೇಲೆ ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಭಾನುಪ್ರಿಯಾ, ಬಟ್ಟೆ ಹೊಲಿಯುವ ಕೆಲಸ, ಮೂವತ್ತೈದು ದಾಟಿತ್ತು. ಅವಳ ಅಣ್ಣ ಗಂಗಾಧರಯ್ಯ ಎಚ್ಚರದ ಮನುಷ್ಯ. ಸುಮ್ಮನೆ ಓಡಾಟ ಯಾಕೆ, ಮೊದಲು ವಿಡಿಯೋ ಕಾಲಿನಲ್ಲಿ ಮುಖ ನೋಡೋಣ ಎಂದ. ದುರ್ಗಯ್ಯ ಚಿಕ್ಕಗೌರಮ್ಮನ ಜಗುಲಿಯ ಮೇಲೆ ಕೂತು ಮೆಲ್ಲಗೆ ಹೇಳಿದ:

"ಇದೂ ತಪ್ಪೋದ್ರೆ ಇನ್ ಯಾರ್ನೂ ನೋಡಾಕಿಲ್ಲ ಕಣಮ್ಮಾರೆ. ಸಾಕಾಗೈತೆ."

ಊರೊಳಗೆ ಟವರ್ ಇತ್ತು. ಆದರೆ ಅಲ್ಲಿ ಮಾತಾಡಿದರೆ ಅರ್ಧ ಊರು ಅವನ ಹೆಗಲ ಮೇಲಿಂದ ಇಣುಕುತ್ತದೆ. ಮರದ ಮೇಲಾದರೆ ಯಾರ ಕಾಟವೂ ಇಲ್ಲ. ಕಲ್ಲೇಶ ದೊಡ್ಡ ಮನಸ್ಸು ಮಾಡಿ ಮುಕ್ಕಣ್ಣನನ್ನು ಕೊಟ್ಟ. ದುರ್ಗಯ್ಯ ಗಡ್ಡ ಹೆರೆದುಕೊಂಡು, ಇದ್ದೊಂದು ಒಳ್ಳೆಯ ಅಂಗಿ ತೊಟ್ಟು, ಹನ್ನೊಂದರ ಬಿಸಿಲಲ್ಲಿ ಮರದ ತಲೆಯ ಮೇಲೆ ಕೂತ. ಕೆಳಗಿನಿಂದ ಕಲ್ಲೇಶ, ನಗು, ಹಲ್ಲು ಬಿಡಬೇಡ, ಬೆನ್ನು ನೆಟ್ಟಗೆ ಮಾಡು ಎಂದು ಹೇಳಿಕೊಡುತ್ತಲೇ ಇದ್ದ. ಆ ಕಡೆ ಅಣ್ಣ ತಂಗಿ ಇಬ್ಬರೂ ಕಂಡರು. ಹೆಸರು, ಊರು ಕೇಳುವ ಹೊತ್ತಿಗೆ ಮುಕ್ಕಣ್ಣನ ಚಾರ್ಜು ಮುಗಿದು ಪರದೆ ಕಪ್ಪಾಯಿತು.

ಮಾರನೆಯ ದಿನ ಕಲ್ಲೇಶ ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿದ್ದ. ಕಾಯಿಸಬಾರದೆಂದು ಚಿಕ್ಕಗೌರಮ್ಮ ನೀಲಿಯನ್ನೇ ಕೊಟ್ಟಳು. ದುರ್ಗಯ್ಯ ಮರದ ಮೇಲೆ ಗರಿಯ ನೆರಳಲ್ಲಿ ಕೂತು ಮಾತಾಡಿದ. ನಾಚಿಕೆಗೆ, ಗಂಗಾಧರಯ್ಯ ಏನು ಕೇಳಿದರೂ ತಲೆ ಆಡಿಸಿದ. ನೀಲಿಗೊಂದು ಗುಣವಿತ್ತು. ಅಂಗಡಿಯವನು ಅದರಲ್ಲಿ ಅದೇನೋ ಒತ್ತಿಟ್ಟಿದ್ದ. ಅದರೊಳಗೆ ಕಂಡ ಮುಖವೆಲ್ಲ ಆಗತಾನೆ ತುರಿದ ಕೊಬ್ಬರಿಯಂತೆ ಬೆಳ್ಳಗಾಗುತ್ತಿತ್ತು. ಚಿಕ್ಕಗೌರಮ್ಮನೇ ಅದರಲ್ಲಿ ತೆಗೆದ ತನ್ನ ಫೋಟೋ ನೋಡಿ ಇದ್ಯಾವ ಮೇಷ್ಟ್ರ ಹೆಂಡತಿ ಎಂದು ಮಗಳನ್ನು ಕೇಳಿದ್ದುಂಟು.

ಸಂಜೆ ಅವಳು ಊರೊಳಗೆ ಹೋಗಿದ್ದಾಗ ಗಂಗಾಧರಯ್ಯ ಅವಳಿಗೇ ಫೋನು ಮಾಡಿದ. ನಿನ್ನೆ ದೊಡ್ಡವರನ್ನು ನೋಡಿದೆವು, ಇವತ್ತು ಅವರ ತಮ್ಮನನ್ನೂ ನೋಡಿದೆವು, ತಮ್ಮನಾ ಎಂದರೆ ತಲೆ ಆಡಿಸಿದರು, ತಮ್ಮನಾದರೆ ನಮಗೆ ಒಪ್ಪಿಗೆ ಎಂದ. ತಮ್ಮನೇ ಇಲ್ಲವಲ್ಲಪ್ಪ, ಎರಡು ದಿನವೂ ನೀವು ನೋಡಿದ್ದು ಒಬ್ಬನನ್ನೇ ಎಂದು ಚಿಕ್ಕಗೌರಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು. ಗಂಗಾಧರಯ್ಯ ಸಿಟ್ಟಿಗೆದ್ದ.

"ಮುಖಕ್ಕೆ ಬಣ್ಣ ಬಳಕೊಂಡು ಕೂತಿದ್ರಾ ಹಂಗಾದ್ರೆ? ಭಾನುವಾರ ನಾವೇ ಬತ್ತೀವಿ ಬುಡಿ. ಮೋಸ ಕಂಡ್ರೆ ಅಲ್ಲಿಗೇ ಮುಗೀತು."

ಚಿಕ್ಕಗೌರಮ್ಮ ಇದನ್ನು ದುರ್ಗಯ್ಯನಿಗೆ ಹೇಳಿದಳು. ಇಲ್ಲದ ತಮ್ಮನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಶುರುವಾಯಿತು. ಮಚ್ಚೆ ತೆಗೆಯುವ ಡಾಕ್ಟರು ಚಿಕ್ಕನಾಯಕನಹಳ್ಳಿಯಲ್ಲಿ ಇದ್ದಾರಾ ಎಂದು ವಿಚಾರಿಸಿದ. ತಿಪಟೂರಿನಿಂದ ಬಂದ ಕಲ್ಲೇಶ, ಇದಕ್ಕೇ ನೋಡು ದುಡ್ಡು ಕೊಡೋದು, ಮುಕ್ಕಣ್ಣ ಇದ್ದದ್ದನ್ನು ಇದ್ದಂಗೆ ತೋರಿಸುತ್ತಾನೆ ಎಂದು ಬೀಗಿದ. ಇದ್ದಂಗಲ್ಲ ಕಲ್ಲೇಶಣ್ಣ, ಮಚ್ಚೆ ಮೇಲಿನ ಕೂದಲನ್ನೂ ಎಣಿಸಿ ಹೇಳುತ್ತಾನೆ ಎಂದು ದುರ್ಗಯ್ಯ ಸಿಡುಕಿದ.

ಚಿಕ್ಕಗೌರಮ್ಮ ಇಬ್ಬರನ್ನೂ ಸುಮ್ಮನಿರಿಸಿ ದುರ್ಗಯ್ಯನನ್ನು ಜಗುಲಿಯ ಮೇಲೆ ಕೂರಿಸಿದಳು. ಒಂದು ಪಕ್ಕ ಮುಕ್ಕಣ್ಣ, ಇನ್ನೊಂದು ಪಕ್ಕ ನೀಲಿ ಹಿಡಿಸಿ, ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ಕೆನ್ನೆ ಎಂದು ಒಂದೊಂದಾಗಿ ಎರಡರಲ್ಲೂ ನೋಡಿದಳು, ಮತ್ತೆ ಅವನ ಮುಖವನ್ನೇ ನೋಡಿದಳು. ತಂದಿಟ್ಟ ಕಾಫಿ ಆರಿಹೋಯಿತು. ಆಮೇಲೆ ಹೇಳಿದಳು:

"ಮುಕ್ಕಣ್ಣ ನಿನ್ ಮಚ್ಚೆನ ಕಂಬಳಿಹುಳ ಮಾಡ್ತಾನೆ. ನೀಲಿ ಮಚ್ಚೆನೇ ನುಂಗಿಬುಡ್ತದೆ. ನಿನ್ ಮುಖ ಇವೆರಡ್ರ ಮಧ್ಯೆ ಎಲ್ಲೋ ಐತೆ ಕಣ್ಲಾ. ಭಾನುವಾರ ಅದನ್ನೇ ತಗೊಂಡ್ ಬಾ."

ಭಾನುವಾರ ಅಣ್ಣ ತಂಗಿ ಬಸ್ಸಿಳಿದು ಬಂದರು. ದುರ್ಗಯ್ಯನೇ ಇಲ್ಲ. ಹುಡುಕಿದರೆ ತೋಟದ ಎಲ್ಲಕ್ಕಿಂತ ಎತ್ತರದ ಮರದ ಮೇಲೆ ಕೂತಿದ್ದ. ಕೀಳಲು ಅದರಲ್ಲಿ ಕಾಯಿಯೇ ಇರಲಿಲ್ಲ. ಕಲ್ಲೇಶ ಗದರಿದ, ಆಮೇಲೆ ಅಂಗಲಾಚಿದ. ಗರಿ ಅಲ್ಲಾಡಿತೇ ಹೊರತು ಆಳು ಇಳಿಯಲಿಲ್ಲ. ಗಂಗಾಧರಯ್ಯ ಕೈಕಟ್ಟಿ ನಿಂತು, ಮುಖ ತೋರಿಸಲು ಹೆದರುವವನ ಮುಖ ನೋಡಲು ಇಷ್ಟು ದೂರ ಬಂದೆವಲ್ಲ, ನಡಿಯಮ್ಮ ಹೋಗೋಣ ಎಂದು ತಂಗಿಗೆ ಹೇಳಿದ. ಚಿಕ್ಕಗೌರಮ್ಮ ಮರದ ತುದಿಯನ್ನೇ ನೋಡಿದಳು. ಈ ಹುಡುಗಿ ಹೊರಟುಹೋದರೆ ಮರದ ಮೇಲಿರುವವನು ಇಳಿದರೂ ಒಂದೇ, ಬಿಟ್ಟರೂ ಒಂದೇ.

ಭಾನುಪ್ರಿಯಾ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮರದ ಹತ್ತಿರ ಬಂದು ತಲೆಯೆತ್ತಿದಳು.

"ಇಳೀರಿ. ನಿಮ್ಮ ಅಂಗಿ ನೋಡ್ಬೇಕು."

ಮುಖ ಎಂದಿದ್ದರೆ ಅವನು ಇಳಿಯುತ್ತಿರಲಿಲ್ಲವೇನೋ. ಅಂಗಿ ಎಂದದ್ದಕ್ಕೆ ಗಲಿಬಿಲಿಯಾಗಿ ಇಳಿದ. ಅವಳು ಅವನ ಎದೆಯ ಮೇಲಿನ ಗುಂಡಿಯನ್ನು ಬೆರಳಲ್ಲಿ ತೋರಿಸಿ ಅಣ್ಣನ ಕಡೆ ತಿರುಗಿದಳು.

"ನೀನು ಮುಖ ನೋಡ್ದೆ, ನಾನು ಅಂಗಿ ನೋಡ್ದೆ. ಎರಡು ದಿನಾನೂ ಇದೇ ಅಂಗಿ. ಕಂದು ಗುಂಡಿ ಸಾಲಲ್ಲಿ ಒಂದು ಬಿಳೀದು, ಅದ್ನೂ ಕರೀ ದಾರದಲ್ಲಿ ಹೊಲ್ದವ್ರೆ. ಇಂಥಾ ಹೊಲಿಗೆ ಹಾಕೋರು ಒಂದೇ ಮನೇಲಿ ಇಬ್ರಿರಲ್ಲ ಕಣಣ್ಣ."

ಗಂಗಾಧರಯ್ಯ ಬಗ್ಗಿ ಗುಂಡಿಯನ್ನು ನೋಡಿದ, ಮಚ್ಚೆಯನ್ನು ನೋಡಿದ, ಮತ್ತೆ ಗುಂಡಿಯನ್ನು ನೋಡಿದ. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ತಂಗಿಯನ್ನು ಕೇಳಿದ. ನನಗೆ ಮೊದಲ ದಿನವೇ ಸರಿಯೆನ್ನಿಸಿತ್ತು, ನಿನಗೆ ಎರಡನೆಯ ದಿನ ಅನ್ನಿಸಿತು, ಕೆಡಿಸುವುದು ಯಾಕೆಂದು ಸುಮ್ಮನಿದ್ದೆ ಎಂದಳು. ದುರ್ಗಯ್ಯ ಬಿಳಿ ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದ.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೂ ಕಲ್ಲೇಶನ ಕುಣಿತ ನಿಲ್ಲಲಿಲ್ಲ. ಹುಡುಗಿ ಒಪ್ಪಿದ್ದು ಮುಕ್ಕಣ್ಣ ತೋರಿಸಿದ ಮುಖವನ್ನು, ಕೊಟ್ಟ ದುಡ್ಡು ಅಲ್ಲಿಗೆ ಸಾರ್ಥಕ ಎಂದ.

"ನೀಲಿ ಇಲ್ದಿದ್ರೆ ಅವರಣ್ಣ ಬಸ್ಸೇ ಹತ್ತುತ್ತಿರ್ಲಿಲ್ಲ ಕಣಪ್ಪ," ಎಂದಳು ಚಿಕ್ಕಗೌರಮ್ಮ.

ಮದುವೆ ಗೊತ್ತಾದ ಮೇಲೆ ಭಾನುಪ್ರಿಯಾ ದಿನವೂ ಮಾತಾಡುತ್ತಿದ್ದಳು. ಚಿಕ್ಕಗೌರಮ್ಮ ನೀಲಿಯನ್ನು ಅವನ ಹತ್ತಿರವೇ ಬಿಟ್ಟಳು. ಕಾಯಿ ಕಿತ್ತು ಮುಗಿದ ಮರಗಳನ್ನೂ ದುರ್ಗಯ್ಯ ಮತ್ತೊಮ್ಮೆ ಹತ್ತತೊಡಗಿದ. ಮೇಲಿನಿಂದ ನಗು ಕೇಳುತ್ತಿತ್ತು, ಹೊಲಿಗೆಯ ಮಾತು, ಅಡುಗೆಯ ಮಾತು, ಎಲ್ಲವೂ ಕೇಳುತ್ತಿತ್ತು. ಕೆಳಗೆ ಗರಿ ಎಳೆಯುತ್ತಿದ್ದವರು ಸಾಕು ಇಳಿಯಯ್ಯ ಎಂದು ರೇಗಿಸುತ್ತಿದ್ದರು.

ಮದುವೆಯ ಹಿಂದಿನ ದಿನ ಅವನು ಚಿಕ್ಕಗೌರಮ್ಮನ ಮನೆಗೆ ಬಂದ. ಫೋನನ್ನು ಒರೆಸಿ, ಚಾರ್ಜು ತುಂಬಿಸಿ ತಂದಿದ್ದ. ಅದನ್ನು ಅವಳ ಕೈಗೆ ಕೊಟ್ಟ ಮೇಲೂ ಹೊರಡಲಿಲ್ಲ. ಜಗುಲಿಯ ಕಂಬವನ್ನು ತಬ್ಬಿ, ಹತ್ತಲು ನಿಂತವನಂತೆ ನಿಂತಿದ್ದ. ಏನು ಎಂದು ಅವಳು ಕೇಳಿದಳು.

"ಮರದ ಮ್ಯಾಲಿದ್ರೆ ಮಾತು ತಾನಾಗೇ ಬತ್ತದೆ ಅಮ್ಮಾರೆ. ನಾಳೆಯಿಂದ ಎದುರಿಗೇ ಇರ್ತಾರಲ್ಲ, ನೆಲದ ಮ್ಯಾಲೆ ಕೂತ್ಕಂಡು ಏನ್ ಮಾತಾಡದು?"