ರಿಂಗ್ ರೋಡಿನಲ್ಲಿ ಇಳಿದವರು

ಶನಿವಾರ ಬೆಳಿಗ್ಗೆ ಏಳಕ್ಕೆ ಕಿತ್ತೂರಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಡಬ್ಬಿ ಅಂಟು ಮತ್ತು ಒಂದು ಕಟ್ಟು ಪ್ರಕಟಣೆಗಳಿದ್ದವು. ನಾನು ನಗರ ಪಾಲಿಕೆಯಲ್ಲಿ ಸಾರಿಗೆ ಯೋಜನೆ ಮಾಡುವವಳು. ಸೋಮವಾರದಿಂದ ತಾಲೂಕುಗಳ ಬಸ್ಸುಗಳು ನಗರದೊಳಗೆ ಬರದೆ ರಿಂಗ್ ರೋಡಿನಲ್ಲೇ ನಿಲ್ಲುವುದು, ಅಲ್ಲಿಂದ ಹತ್ತು ನಿಮಿಷಕ್ಕೊಂದು ಸಿಟಿ ಬಸ್ಸು ಜನರನ್ನು ಒಳಗೆ ಒಯ್ಯುವುದು ಎಂದು ತೀರ್ಮಾನವಾಗಿತ್ತು. ಪೇಟೆಯ ದಟ್ಟಣೆ ತಗ್ಗಿಸಲು ಎರಡು ವರ್ಷ ಕೂತು ನಾನೇ ರೂಪಿಸಿದ ಯೋಜನೆ. ಆದರೆ ಆ ಸಿಟಿ ಬಸ್ಸುಗಳು ಬಂದೇ ಬರುತ್ತವೆಂದು ಯಾರೂ ನನಗೆ ಬರೆದುಕೊಟ್ಟಿರಲಿಲ್ಲ. ಊರೂರಿಗೆ ತಿಳಿಸಿ ಬರುತ್ತೇನೆಂದು ಹೊರಟಿದ್ದೆ. ನಿಜ ಹೇಳಬೇಕೆಂದರೆ ದಿಗಿಲಿನಿಂದ ಮನೆಯಲ್ಲಿ ಕೂರಲಾಗಿರಲಿಲ್ಲ.

ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತವಾದ್ದರಿಂದ ಕಂಡಕ್ಟರ್ ಶೂನ್ಯ ಮೊತ್ತದ ಚೀಟಿ ಕೊಟ್ಟ. ಹೆದ್ದಾರಿಯಲ್ಲಿ ಒಂದು ತಾಸಿನ ದಾರಿ. ಕಿತ್ತೂರಿನಲ್ಲಿ ಅವಲಕ್ಕಿ, ಮಿರ್ಚಿ ತಿಂದು ಹೋಟೆಲಿನ ಗೋಡೆಗೆ ಪ್ರಕಟಣೆ ಹಚ್ಚಲು ಕೇಳಿದೆ.

"ಹಚ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ," ಎಂದ ಮಾಲೀಕರು ಓದಿ ನಕ್ಕರು. "ಆದ್ರ ಓದಾವ್ರು ಯಾರು? ನಮ್ಮ ಮಂದಿ ಕಂಡಕ್ಟರ್ ಇಳೀರಿ ಅಂದಾಗ ಇಳೀತಾರ."

ಬೈಲಹೊಂಗಲಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು. ಮಧ್ಯಾಹ್ನದ ಬಿಸಿಲಿಗೆ ಬಸ್ಸಿನ ಕಿಟಕಿಯ ಸರಳು ಮುಟ್ಟುವಂತಿರಲಿಲ್ಲ. ನಿಲ್ದಾಣದ ಕಂಟ್ರೋಲರ್ ನನ್ನನ್ನು ಕೂರಿಸಿ ನೀರು ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಸಿಟಿ ಬಸ್ ಖರೇನ ಬರ್ತಾವೇನ್ರಿ ಮೇಡಂ?"

"ಬರ್ತಾವ್ರಿ," ಎಂದೆ. ಹೊರಗೆ ಬಂದು ಮೇಲಧಿಕಾರಿಗೆ ಫೋನು ಮಾಡಿ ಅದನ್ನೇ ಕೇಳಿದೆ. "ಮೊದಲು ಸೋಮವಾರ ಬರಲಿ, ನೋಡೋಣ," ಎಂದು ಇಟ್ಟುಬಿಟ್ಟರು.

ಭಾನುವಾರ ಮುರಗೋಡ, ಸವದತ್ತಿ ದಾಟಿದೆ. ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗುವ ಭಕ್ತರ ಗದ್ದಲ. ನಾನು ಹಚ್ಚಿದ ಹಾಳೆಗೆ ಒಬ್ಬರು ಬೆನ್ನು ಆನಿಸಿ ನಿಂತರು. ಸಂಜೆ ರಾಮದುರ್ಗದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಬಡಿಸಿದರು. ಒಂದು ರೊಟ್ಟಿಯೂ ಪೂರ್ತಿ ಇಳಿಯಲಿಲ್ಲ.

ಸೋಮವಾರ ಐದೂವರೆಗೆ ರಾಮದುರ್ಗದಿಂದ ನಮ್ಮ ನಗರಕ್ಕೆ ಹೊರಡುವ ಮೊದಲ ಬಸ್ಸು ಹಿಡಿದೆ. ತೊರಗಲ್ಲಿನಲ್ಲಿ ಹತ್ತಿದ ಹೆಂಗಸೊಬ್ಬಳು ಪ್ಲಾಸ್ಟಿಕ್ ಫೈಲನ್ನು ಎದೆಗೆ ಅವಚಿಕೊಂಡು ನನ್ನ ಪಕ್ಕ ಕೂತಳು. ಹೆಸರು ಮಹಾದೇವಿ. ಹದಿನೈದು ವರ್ಷದಿಂದ ಖಾಸಗಿ ದವಾಖಾನೆಯಲ್ಲಿ ನರ್ಸ್. ಸರಕಾರಿ ನೌಕರಿಯ ಆಯ್ಕೆಪಟ್ಟಿಯಲ್ಲಿ ಈಗ ಹೆಸರು ಬಂದಿತ್ತು.

"ಮೂರು ಸಲ ಪರೀಕ್ಷಾ ಬರದೇನ್ರಿ. ಇನ್ನ ವಯಸ್ಸು ಮುಗೀತು," ಎಂದಳು. "ಇವತ್ತ ಆರೋಗ್ಯ ಇಲಾಖಿ ಆಫೀಸಿನ್ಯಾಗ ನಮ್ಮ ಕಾಗದಾ ನೋಡ್ತಾರ. ಹತ್ತೂವರಿಗೆ ಬಾಗಲಾ ಹಾಕತಾರಂತ. ಈ ಬಸ್ಸು ಹತ್ತಕ್ಕ ಆಫೀಸಿನ ಮುಂದ ಇಳಸ್ತೈತಿ, ಕಾಳಜಿ ಇಲ್ಲ."

ಇವತ್ತಿನಿಂದ ಬಸ್ಸು ರಿಂಗ್ ರೋಡಿನಲ್ಲೇ ನಿಲ್ಲುತ್ತದೆ, ಆಫೀಸಿನ ಮುಂದೆ ಇಳಿಸುವುದಿಲ್ಲ ಎಂದು ಹೇಳಿದೆ. ಸಿಟಿ ಬಸ್ಸು ಇರುತ್ತದೆ ಎಂದೂ ಸೇರಿಸಿದೆ. ಅವಳು ನನ್ನತ್ತ ತಿರುಗಿದಳು. "ನಿಮಗ ಹೆಂಗ ಗೊತ್ತರಿ?"

"ಓದಿದೆ," ಎಂದುಬಿಟ್ಟೆ. ಬೈಲಹೊಂಗಲ ದಾಟುವವರೆಗೆ ಇಬ್ಬರೂ ಗಡಿಯಾರ ನೋಡುತ್ತಲೇ ಇದ್ದೆವು.

ಒಂಬತ್ತು ಐವತ್ತಕ್ಕೆ ರಿಂಗ್ ರೋಡು. "ಎಲ್ಲಾರೂ ಇಳೀರಿ!" ಕಂಡಕ್ಟರ್ ಕೂಗಿದ. ಕಿತ್ತೂರಿನ ಹೋಟೆಲಿನವರು ಹೇಳಿದ್ದು ಸುಳ್ಳಾಗಲಿಲ್ಲ, ಎಲ್ಲರೂ ಇಳಿದರು. ನೆರಳಿಲ್ಲ, ಕೂರಲು ಕಟ್ಟೆಯಿಲ್ಲ. ಮುದುಕರು, ಗಂಟು ಹೊತ್ತವರು, ಕಂಕುಳಲ್ಲಿ ಕೂಸಿದ್ದವರು ಧೂಳಿನಲ್ಲಿ ನಿಂತರು. ಸಿಟಿ ಬಸ್ಸು ಒಂದೂ ಇರಲಿಲ್ಲ. ಹತ್ತು ನಿಮಿಷ ಕಾದೆವು. ಹದಿನೈದಾಯಿತು. ಮಹಾದೇವಿ ಹೋಗುವ ಗಾಡಿಗಳಿಗೆಲ್ಲ ಕೈ ತೋರಿಸುತ್ತಿದ್ದಳು.

ರಸ್ತೆಗೆ ಅಡ್ಡ ನಿಂತು ಆಟೋ ಒಂದನ್ನು ತಡೆದೆ. ಅವಳನ್ನು ಹತ್ತಿಸಿ ನಾನೂ ಹತ್ತಿದೆ. ರೈಲ್ವೆ ಗೇಟಿನ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಮಹಾದೇವಿಯವರೇ, ಸುಳ್ಳು ಹೇಳಿದೆ. ಈ ವ್ಯವಸ್ಥೆ ಮಾಡಿದವಳು ನಾನೇ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಒಂದ ಸಲಾನರ ಆ ಬಸ್ಸಿನ್ಯಾಗ ಬಂದು ಅಲ್ಲಿ ಇಳದು ನೋಡಿದ್ರೇನ್ರಿ, ಮಾಡೂಕಿಂತ ಮೊದಲ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ಇವತ್ತೇ ಮೊದಲು."

ಹತ್ತು ಇಪ್ಪತ್ತೆಂಟಕ್ಕೆ ಆಫೀಸಿನ ಮುಂದೆ ಆಟೋ ನಿಂತಿತು. ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಬಾಗಿಲ ಬಳಿ ಕಾವಲುಗಾರ ಅವಳ ಪತ್ರ ನೋಡಿ ಒಳಗೆ ಬಿಟ್ಟ. ಅಷ್ಟರಲ್ಲಿ ಅವಳು ಹೊಸ್ತಿಲಲ್ಲೇ ತಿರುಗಿ ಅಲ್ಲಿಂದಲೇ ಕೂಗಿದಳು.

"ನಂದು ಆತ್ರಿ ಅಕ್ಕಾರ! ಅಲ್ಲಿ ಬಿಸಲಾಗ ನಿಂತಾರಲ್ಲ, ಅವ್ರದು?"

ಪಾಲಿಕೆ ಅಲ್ಲಿಂದ ಎರಡೇ ಓಣಿ. ಹನ್ನೊಂದಕ್ಕೆ ಮೇಲಧಿಕಾರಿಯ ಕೋಣೆಯಲ್ಲಿ ಸಭೆಯಿತ್ತು. ಫೋನಿನಲ್ಲಿ ಅವರ ಮೂರು ಕರೆಗಳಿದ್ದವು. ಅವರಿಗೆ ಎರಡು ಸಾಲು ಬರೆದು ಕಳಿಸಿದೆ: ಸಿಟಿ ಬಸ್ಸು ಬಂದಿಲ್ಲ, ಅವು ಬರುವವರೆಗೆ ತಾಲೂಕಿನ ಬಸ್ಸುಗಳನ್ನು ಒಳಗೆ ಬಿಡಬೇಕು, ಇದು ನನ್ನ ಯೋಜನೆ, ತಪ್ಪೂ ನನ್ನದೇ. ಉತ್ತರಕ್ಕೆ ಕಾಯದೆ ಅದೇ ಆಟೋದಲ್ಲಿ ರಿಂಗ್ ರೋಡಿಗೆ ಮರಳಿದೆ.

ನಾನು ಇಳಿಯುವಾಗ ಸಿಟಿ ಬಸ್ಸು ಇನ್ನೂ ಬಂದಿರಲಿಲ್ಲ, ಸವದತ್ತಿಯ ಬಸ್ಸು ಬಂದು ನಿಲ್ಲುತ್ತಿತ್ತು. ಮೊದಲು ಕೆಳಗೆ ಕಾಲಿಟ್ಟ ಅಜ್ಜಿ ಸುತ್ತಲೂ ನೋಡಿ, ಯಾರನ್ನು ಕೇಳಬೇಕೆಂದು ತಿಳಿಯದೆ, ಹತ್ತಿರವಿದ್ದ ನನ್ನನ್ನೇ ಕೇಳಿದಳು: "ಇದು ಯಾವ ಊರವ್ವಾ?"

ನಾನು ಅವಳ ಗಂಟು ಇಸಿದುಕೊಂಡೆ.