‘ನೋಡಿದವರು’ ಎಂಬ ಸಾಲಿನಲ್ಲಿ ನನ್ನ ಹೆಸರು

ವಾಡಿ ಜಂಕ್ಷನ್ನಿನಲ್ಲಿ ರೈಲು ನಿಂತಿತ್ತು. ನಾನು ಮೊಬೈಲಿನಲ್ಲಿ ಒಂದು ವರದಿ ಓದುತ್ತಿದ್ದೆ. ಹದಿನಾಲ್ಕನೇ ಸಾಲಿಗೆ ಬಂದವಳು ಬ್ಯಾಗ್ ಎತ್ತಿಕೊಂಡು ಇಳಿದುಬಿಟ್ಟೆ.

ಟಿಕೆಟ್ ಇದ್ದದ್ದು ನಾಲವಾರಕ್ಕೆ. ಅಲ್ಲೊಂದು ಮನೆಯ ಕಾರ್ಯಕ್ರಮವಿತ್ತು (ವಿವರ ಬೇಡ). ಎದುರಿಗೆ ಕೂತಿದ್ದ ಹಿರಿಯ ಹೆಂಗಸು, ‘ಯವ್ವಾ, ನಾಲವಾರ ಇನ್ನಾ ಬಂದಿಲ್ಲ, ಇದು ವಾಡಿ ಅದ’ ಎಂದು ಕಿಟಕಿಯಿಂದ ಕೂಗಿದರು. ಗೊತ್ತಿತ್ತು.

ಆ ಸಾಲು ಹೀಗಿತ್ತು: ‘ಅಳತೆಯ ಪಟ್ಟಿಯಲ್ಲಿ ಹೆಸರಿಗೆ ಹೊಂದದ ಅಂಕಿಗಳಿದ್ದವು. ಸರಿಪಡಿಸಲಾಗಿದೆ.’

ಎಷ್ಟು ಸಭ್ಯ ವಾಕ್ಯ!

ನಾನು ಶಹಾಬಾದದ ಒಂದು ಕಲ್ಲಿನ ಕಾರ್ಖಾನೆಗೆ ಪ್ರೋಗ್ರಾಂ ಬರೆದುಕೊಡುತ್ತೇನೆ. ಆರ್ಡರ್ ಬಂದರೆ ಅದರಿಂದ ಕಟಿಂಗ್ ಚೀಟಿ ತಯಾರಾಗಿ, ಕಲ್ಲು ಕೊಯ್ಯುವ ಶೆಡ್ಡಿನ ಪ್ರಿಂಟರಿನಲ್ಲಿ ತಾನೇ ಹೊರಬರುತ್ತದೆ. ಎಷ್ಟು ಕಲ್ಲು, ಯಾವ ಅಳತೆ, ಯಾರಿಗೆ. ಅಷ್ಟೇ. ಈ ಕೋಡ್ ಬರೆಯಲು ಈಗ ಎಲ್ಲರಂತೆ ನಾನೂ ಎಐ ಸಹಾಯಕವನ್ನು ಬಳಸುತ್ತೇನೆ.

ಅದರಿಂದ ಕೆಲಸ ತೆಗೆಯಲು ಎರಡು ದಾರಿಗಳಿವೆ. ಒಂದು, ಕಮಾಂಡ್. ಮಾಡಬೇಕಾದ ಹೆಜ್ಜೆಗಳನ್ನು ಒಮ್ಮೆ ಬರೆದಿಟ್ಟು ಹೆಸರು ಕೊಡುವುದು; ಬೇಕಾದಾಗ ಆ ಹೆಸರು ಟೈಪ್ ಮಾಡಿದರೆ ಅಷ್ಟನ್ನೇ ಮಾಡುತ್ತದೆ. ನನ್ನ ಕಮಾಂಡಿನ ಕೊನೆಯ ಹೆಜ್ಜೆ: ‘ಏನು ಬದಲಾಯಿಸಿದೆ ಎಂದು ತೋರಿಸಿ ನಿಲ್ಲು.’ ಇನ್ನೊಂದು, ಏಜೆಂಟ್. ಅದಕ್ಕೆ ಹೆಜ್ಜೆ ಹೇಳುವುದಿಲ್ಲ, ಆಗಬೇಕಾದದ್ದನ್ನು ಹೇಳುತ್ತೇವೆ. ಅದು ತಾನೇ ಓದಿ, ತಾನೇ ತಿದ್ದಿ, ತಾನೇ ಪರೀಕ್ಷಿಸಿ, ಬಿಟ್ಟರೆ ತಾನೇ ಚಾಲೂ ಕೂಡ ಮಾಡುತ್ತದೆ.

ಅವತ್ತು ಬೆಳಿಗ್ಗೆ ಚೀಟಿ ತಡವಾಗಿ ಬರುತ್ತಿದೆ ಎಂಬ ದೂರು ಬಂತು. ಕಮಾಂಡ್ ಹಾಕಿದರೆ ನಾನು ಎದುರಿಗೆ ಕೂರಬೇಕು. ರೈಲಿಗೆ ಅರ್ಧ ಗಂಟೆಯೂ ಇರಲಿಲ್ಲ. ಏಜೆಂಟಿಗೆ ‘ಚೀಟಿಯ ಪ್ರಿಂಟ್ ಸರಿಮಾಡು, ಕಂಡ ತಪ್ಪುಗಳನ್ನೂ ತಿದ್ದು, ಚಾಲೂ ಮಾಡು’ ಎಂದು ಬರೆದು ಸ್ಟೇಷನ್ನಿಗೆ ಓಡಿದೆ.

ಅದು ಪ್ರಿಂಟ್ ಸರಿಮಾಡಿತು. ಚೆನ್ನಾಗಿಯೇ ಮಾಡಿತು. ಆಮೇಲೆ ತಪ್ಪು ಹುಡುಕಿತು. ರೈಲಿನಲ್ಲಿ ನಾನು ಓದುತ್ತಿದ್ದದ್ದು ಅದು ಕಳಿಸಿದ ವರದಿಯನ್ನೇ.

ಪಟ್ಟಿಯಲ್ಲಿ ಒಂದು ಅಳತೆಗೆ ‘ಎರಡಕ್ಕೆ ಎರಡು’ ಎಂದು ಹೆಸರಿತ್ತು, ಎದುರಿಗೆ ಇಪ್ಪತ್ತೆರಡು ಇಂಚು ಎಂದಿತ್ತು. ಎರಡು ಅಡಿ ಎಂದರೆ ಇಪ್ಪತ್ತನಾಲ್ಕು ಇಂಚು. ಮೂರನೇ ತರಗತಿಯ ಮಗುವಿಗೂ ಗೊತ್ತು. ಆದರೆ ನಮ್ಮ ಕಾರ್ಖಾನೆಯಲ್ಲಿ ಎರಡಕ್ಕೆ ಎರಡು ಎಂದರೆ ಇಪ್ಪತ್ತೆರಡೇ. ಅಂಚು ಕೊಯ್ದು ನೇರ ಮಾಡುವಾಗ ಹೋಗುವ ಎರಡು ಇಂಚನ್ನು ಹೆಸರಿನಿಂದ ಯಾರೂ ಕಳೆದಿಲ್ಲ. ಕೊಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಏಜೆಂಟಿಗೆ ಗೊತ್ತಿರಲಿಲ್ಲ. ಯಾಕೆಂದರೆ ನಾನು ಅದನ್ನು ಎಲ್ಲಿಯೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ?

ಎರಡೇ ಇಂಚಿಗೆ ರೈಲಿನಿಂದ ಇಳಿಯಬೇಕೇ, ಎನ್ನಬಹುದು. ಅವತ್ತು ಇಳಿಯಲೇಬೇಕಿತ್ತು.

ಸೇಡಂ ಕಡೆಯ ಒಂದು ಹಳೆಯ ಹೆಣ್ಣುಮಕ್ಕಳ ಶಾಲೆಯ ಪಡಸಾಲೆಗೆ ಎರಡಕ್ಕೆ ಎರಡರ ಇಪ್ಪತ್ತನಾಲ್ಕು ಕಲ್ಲು ಬೇಕಿತ್ತು. ಒಡೆದ ಕಲ್ಲುಗಳ ಜಾಗಕ್ಕೆ, ಅದೇ ಹಸಿರು ಛಾಯೆಯದು. ಆ ಛಾಯೆ ಸಿಗುತ್ತಿದ್ದ ಗಣಿ ಈಗ ನೀರು ತುಂಬಿದ ಹೊಂಡ. ನಮ್ಮ ಮೇಸ್ತ್ರಿ ಖಾಜಾ ಕಾಕಾ ಅದರ ಹನ್ನೆರಡು ದೊಡ್ಡ ಚಪ್ಪಡಿಗಳನ್ನು ತಾಡಪತ್ರಿಯಡಿ ವರ್ಷಗಟ್ಟಲೆ ಕಾಪಾಡಿಕೊಂಡಿದ್ದರು. ಕೇಳಿದವರಿಗೆಲ್ಲ ‘ಇಲ್ಲ’ ಎಂದವರು, ಆ ಶಾಲೆಗೆ ‘ಹೂಂ’ ಎಂದಿದ್ದರು. ಅವರ ಮಗಳು ಓದಿದ ಶಾಲೆ ಅದು.

ಪ್ರತಿ ಚಪ್ಪಡಿಯ ಉದ್ದ ನಲವತ್ತೈದು ಇಂಚು. ಇಪ್ಪತ್ತೆರಡರಂತೆ ಕೊಯ್ದರೆ ಎರಡು ಕಲ್ಲು. ಇಪ್ಪತ್ತನಾಲ್ಕರಂತೆ ಕೊಯ್ದರೆ ಒಂದೇ. ಉಳಿಯುವ ಇಪ್ಪತ್ತೊಂದು ಯಾವುದಕ್ಕೂ ಸಾಲದು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪಟ್ಟಿಯನ್ನು ಮೊದಲಿನಂತೆ ಮಾಡಿದೆ. ಎರಡು ನಿಮಿಷ ಹಿಡಿಯಿತು. ಕೋಡಿನ ಸುಖ ಇದು, ಹಿಂದಕ್ಕೆ ತರಬಹುದು. ಆದರೆ ಶಾಲೆಯ ಚೀಟಿ ಆಗಲೇ ಪ್ರಿಂಟ್ ಆಗಿತ್ತು. ಕಾಕಾಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅವರು ಫೋನ್ ಎತ್ತುತ್ತಿಲ್ಲ ಎಂದರೆ ಮಷೀನ್ ಓಡುತ್ತಿದೆ ಎಂದರ್ಥ.

ಸ್ಟೇಷನ್ನಿನ ಹೊರಗೆ ಒಂದೇ ಆಟೋ ಇತ್ತು.

‘ಕುಂದ್ರಿ ಅಕ್ಕೋರೆ. ಇನ್ನಾ ಮೂರ್ ಮಂದಿ ಬರ್ಲಿ, ಹೋಗಾಮು.’

‘ಎಲ್ಲಾ ಸೀಟೂ ನನ್ದೇ. ಶಹಾಬಾದಕ್ಕ ನಡೀರಿ. ಜಲ್ದಿ.’

ಆತ ತಿರುಗಿ ನನ್ನ ಮುಖ ನೋಡಿದ. ‘ದವಾಖಾನಿ ಕೇಸೇನ್ರಿ?’

‘ಅಲ್ಲ. ಕಲ್ಲು.’

‘ಅಯ್ಯ, ಕಿಡ್ನ್ಯಾಗೇನ್ರಿ? ನಮ್ಮ ಮಾಮಗೂ ಇತ್ತು. ಭಾಳ ತ್ರಾಸ ಅದು. ನೀರು ಕುಡೀರಿ.’

ನಾನು ತಿದ್ದಲಿಲ್ಲ. ಕಿಡ್ನಿಯದೆಂದರೆ ಆಟೋ ವೇಗವಾಗಿ ಓಡುತ್ತದೆ ಎನ್ನಿಸಿತು. ಓಡಿತು ಕೂಡ. ಸಿಮೆಂಟ್ ಲಾರಿಗಳ ನಡುವೆ ತೂರಿಸುತ್ತ ಆತ ದಾರಿಯುದ್ದಕ್ಕೂ ಮಾಮನ ಕಥೆ ಹೇಳಿದ. ನಾನು ಏಳು ಸಲ ಫೋನ್ ಮಾಡಿದೆ.

ಕಾರ್ಖಾನೆಯ ಗೇಟಿನಲ್ಲೇ ಬ್ಲೇಡಿನ ಸದ್ದು ಕೇಳಿಸಿತು. ನಾನು ಕೂಗುವವಳಲ್ಲ. ಕೂಗಿದರೂ ಯಾರಿಗೂ ಕೇಳುತ್ತಿರಲಿಲ್ಲ. ಶೆಡ್ಡಿನ ಬಾಗಿಲ ಪಕ್ಕ ಒಂದು ಕೆಂಪು ಬಟನ್ ಇದೆ; ಕೈ ಸಿಕ್ಕಿಕೊಂಡಾಗ ಮಾತ್ರ ಒತ್ತುವಂಥದ್ದು. ಒತ್ತಿದೆ.

ಸದ್ದು ನಿಂತಿತು. ನೀರು ಮಾತ್ರ ಸುರಿಯುತ್ತಿತ್ತು. ಮೇಜಿನ ಮೇಲೆ ಎರಡನೇ ಚಪ್ಪಡಿ ಮಲಗಿತ್ತು, ಬ್ಲೇಡ್ ಅದರಿಂದ ಒಂದು ಗೇಣು ದೂರದಲ್ಲಿತ್ತು. ಮೊದಲನೆಯದು ಎರಡು ತುಂಡಾಗಿ ಗೋಡೆಗೆ ಒರಗಿತ್ತು.

‘ಯಾರ್ದರೆ ಕೈ ಹೋತೇನ್ ಬೇಟಿ?’ ಕಾಕಾ ಗಾಬರಿಯಿಂದ ತಮ್ಮ ಹತ್ತೂ ಬೆರಳು ನೋಡಿಕೊಂಡರು.

ಹೇಳಿದೆ. ಅವರು ಟೇಪ್ ತೆಗೆದು ಸಣ್ಣ ತುಂಡನ್ನು ಅಳೆದರು. ಮತ್ತೊಮ್ಮೆ ಅಳೆದರು. ಎರಡನೇ ಸಲ ಕಲ್ಲು ಬೆಳೆಯುತ್ತದೆಯೇ?

‘ಇಪ್ಪತ್ನಾಕು ನೋಡಿ ನನಗೂ ಖಟಕ್ ಅಂತು,’ ಎಂದರು. ‘ಶಾಲ್ಯಾವ್ರು ಪೂರಾ ಎರಡು ಫೂಟ್ ಕೇಳ್ಯಾರೇನೋ ಅಂದ್ಕೊಂಡೆ. ನಿಮಗ ಫೋನ್ ಹಚ್ಚಾಕ ಮೊಬೈಲ್ ತೆಗೆದಿದ್ದೆ ಖರೆ.’

‘ಮತ್ಯಾಕ ಹಚ್ಚಲಿಲ್ರಿ ಕಾಕಾ?’

ಅವರು ಒದ್ದೆಯಾದ ಚೀಟಿ ಎತ್ತಿ ಕೆಳಗಿನ ಸಾಲಿಗೆ ಬೆರಳಿಟ್ಟರು. ‘ನೋಡಿದವರು’ ಎಂದಿತ್ತು, ಮುಂದೆ ನನ್ನ ಹೆಸರು.

‘ನೀವು ನೋಡೀರಿ ಅಂದಮ್ಯಾಗ ನಾ ಏನ್ ಕೇಳ್ಲಿ?’

ಆ ಸಾಲನ್ನು ಏಜೆಂಟ್ ಬರೆದಿರಲಿಲ್ಲ. ನಾನೇ ಬರೆದಿದ್ದೆ, ಮೊದಲ ವಾರದಲ್ಲಿ. ಆಗ ಪ್ರತಿಯೊಂದು ಚೀಟಿಯನ್ನೂ ನಿಜಕ್ಕೂ ನೋಡುತ್ತಿದ್ದೆ. ಆಮೇಲೆ ನೋಡುವುದು ಕಡಿಮೆಯಾಯಿತು. ಹೆಸರು ಮಾತ್ರ ತಪ್ಪದೆ ಬರುತ್ತಿತ್ತು.

ಕಮಾಂಡ್ ಒಳ್ಳೆಯದೋ ಏಜೆಂಟ್ ಒಳ್ಳೆಯದೋ ಎಂದು ಗೆಳತಿಯರು ಕೇಳುತ್ತಿರುತ್ತಾರೆ. ಮೊದಲು ನಾನು ಸಮಯ ಲೆಕ್ಕ ಹಾಕಿ ಉತ್ತರಿಸುತ್ತಿದ್ದೆ. ಈಗ ಬೇರೆ ಪ್ರಶ್ನೆ ಕೇಳುತ್ತೇನೆ: ನಿನ್ನ ಕೆಲಸದ ತುದಿಯಲ್ಲಿ ಏನಿದೆ? ಪರದೆಯಾದರೆ ಏಜೆಂಟಿಗೆ ಬಿಡು, ತಪ್ಪಿದರೆ ಹಿಂದಕ್ಕೆ ತಾ. ಬ್ಲೇಡ್ ಇದ್ದರೆ ಕಮಾಂಡ್ ಹಾಕಿ ಎದುರಿಗೆ ಕೂರು. (ಆಸ್ಪತ್ರೆಯ ಔಷಧಿ ಚೀಟಿ, ರೇಷನ್ ಕಾರ್ಡಿನ ಹೆಸರು, ಪರೀಕ್ಷೆಯ ಅಂಕಪಟ್ಟಿ, ಇವೆಲ್ಲ ಬ್ಲೇಡುಗಳೇ.) ಏಜೆಂಟಿನ ಮೇಲೆ ನನಗೆ ಸಿಟ್ಟಿಲ್ಲ. ತಿಳಿಯದ್ದನ್ನು ಅದು ತಪ್ಪಾಗಿ ಊಹಿಸಿತು. ನೋಡದ್ದನ್ನು ನಾನು ನೋಡಿದೆ ಎಂದಿದ್ದೆ. ಯಾವುದು ದೊಡ್ಡದು?

ಉಳಿದ ಹನ್ನೊಂದು ಚಪ್ಪಡಿಗಳಿಂದ ಇಪ್ಪತ್ತೆರಡು ಕಲ್ಲು ಬಂದವು. ಮೊದಲನೆಯದರ ದೊಡ್ಡ ತುಂಡನ್ನು ಇಪ್ಪತ್ತೆರಡಕ್ಕೆ ಇಳಿಸಿ ಇಪ್ಪತ್ತಮೂರನೆಯದು ಮಾಡಿದರು. ಇಪ್ಪತ್ತನಾಲ್ಕನೆಯದು ಆ ಸಣ್ಣ ತುಂಡೇ. ಹಾಸುವ ದಿನ ಕಾಕಾ ತಾವೇ ಹೋಗಿ ಅದನ್ನು ಬಾಗಿಲ ಹಿಂದಿನ ಮೂಲೆಗೆ ಕೂರಿಸಿ, ಸಂದಿಗೆ ಸಿಮೆಂಟ್ ತುಂಬಿ ಬಂದರು. ‘ಯಾರಿಗೂ ಕಾಣಲ್ಲ ಬಿಡ್ರಿ,’ ಎಂದರು. ಆಮೇಲೆ, ಟೇಪನ್ನು ಜೇಬಿಗೆ ಹಾಕಿಕೊಳ್ಳುತ್ತ, ‘ನನಗ ಕಾಣ್ತದ,’ ಎಂದರು.

ಈಗ ಅಳತೆಯ ಪಟ್ಟಿಯ ಮೇಲೆ ಇಪ್ಪತ್ತೆರಡು ಯಾಕೆಂದು ನಾಲ್ಕು ಸಾಲು ಬರೆದಿಟ್ಟಿದ್ದೇನೆ. ‘ನೋಡಿದವರು’ ಎಂಬುದರ ಮುಂದಿನ ಜಾಗ ಖಾಲಿ ಬರುತ್ತದೆ. ನಾನು ಹೆಸರು ಟೈಪ್ ಮಾಡುವವರೆಗೆ ಚೀಟಿ ಹೊರಬೀಳುವುದಿಲ್ಲ.

ಮೊನ್ನೆ ಏಜೆಂಟಿಗೆ ಬೇರೊಂದು ಸಣ್ಣ ಕೆಲಸ ಕೊಟ್ಟಿದ್ದೆ. ಮುಗಿಸಿ, ವರದಿಯ ಕೊನೆಗೆ ಒಂದು ಸಲಹೆ ಸೇರಿಸಿತ್ತು: ‘ಪ್ರತಿ ಚೀಟಿಗೂ ಒಂದೇ ಹೆಸರನ್ನು ಕೈಯಾರೆ ತುಂಬುತ್ತಿದ್ದೀರಿ. ಅದನ್ನು ನಾನೇ ತುಂಬಲೇ?’